ಬೈಪಾಸ್ ಆದ ಊರುಗಳ ದಾರೀಲಿ ಅಪ್ಪನ ಜೊತೆ ನಾಲ್ಕು ದಿನ

ಅಪ್ಪ ಅಮೆರಿಕಕ್ಕೆ, ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿರುವ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡೀತಿದ್ದ. ಮಿಕ್ಕ ಹೊತ್ತು ಕಿಟಕಿ ಪಕ್ಕ ಕೂತು ರಸ್ತೆ ನೋಡ್ತಿದ್ದ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರ್ಕೊಂಡು ಹೋದೆ. ಕಂಬಿ ಹಿಡ್ಕೊಂಡು ಎರಡು ನಿಮಿಷ ನೋಡಿ, "ಒಳ್ಳೆ ಗುಂಡಿ ಕಣವ್ವ, ಚೆನ್ನಾಗದೆ" ಅಂದ. ಅಷ್ಟೇ.

ಆಮೇಲೆ ನನಗೆ ಹೊಳೆಯಿತು. ಅಪ್ಪನಿಗೆ ನೋಟ ಬೇಕಿಲ್ಲ, ರಸ್ತೆ ಬೇಕು. ಹುಡುಗನಾಗಿದ್ದಾಗ ಲಾರಿ ಕ್ಲೀನರ್. ಆಮೇಲೆ ಮೂವತ್ತು ವರ್ಷ ಚನ್ನಪಟ್ಟಣದಲ್ಲಿ, ಬೆಂಗಳೂರು-ಮೈಸೂರು ರಸ್ತೆ ಪಕ್ಕ ಸಣ್ಣ ಹೋಟೆಲ್. ಇಡ್ಲಿ, ವಡೆ, ಕಾಫಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ರಾಮನಗರ, ಚನ್ನಪಟ್ಟಣ ಎರಡೂ ಊರನ್ನು ಬಳಸಿಕೊಂಡು ಬೈಪಾಸ್ ಹೋಯಿತು. ಗೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳೂ, ಅಪ್ಪನ ಕಾಫಿ ಗಿರಾಕಿಗಳೂ ಒಟ್ಟಿಗೆ ಹೋದರು. ಅಪ್ಪ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ದಿನಕ್ಕೆ ಎಷ್ಟು ಲೀಟರ್ ಹಾಲು ತರ್ತಿದ್ದೆ, ಈಗ ಎಷ್ಟು ತರ್ತೀನಿ ಅಂತ ಮಾತ್ರ ಹೇಳುತ್ತಾನೆ.

ಹಂಗಾಗಿ 2025ರ ಮಾರ್ಚ್ ಕೊನೆಯಲ್ಲಿ ನಾಲ್ಕು ದಿನ ರಜೆ ಹಾಕಿ ರೂಟ್ 66 ಹಿಡಿದೆವು. 1926ರಲ್ಲಿ ಶುರುವಾದ ಹೆದ್ದಾರಿ. ಷಿಕಾಗೋದಿಂದ ಲಾಸ್ ಏಂಜಲಿಸ್ ಪಕ್ಕದ ಸಾಂಟಾ ಮೋನಿಕಾವರೆಗೆ ಹೆಚ್ಚುಕಮ್ಮಿ 2,400 ಮೈಲಿ. ಇಂಟರ್‌ಸ್ಟೇಟ್ ಅನ್ನುವ ದೊಡ್ಡ ಹೆದ್ದಾರಿಗಳು ಬಂದ ಮೇಲೆ 1985ರಲ್ಲಿ ಸರ್ಕಾರ ಇದನ್ನು ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಆದರೆ ಅರಿಝೋನಾದಲ್ಲಿ ಸೆಲಿಗ್‌ಮನ್ ಆಚೀಚೆಯಿಂದ ಕೊಲರಾಡೋ ನದಿಯವರೆಗೆ ಸುಮಾರು 158 ಮೈಲಿ ಹಳೇ ರಸ್ತೆ ಎಲ್ಲೂ ತುಂಡಾಗದೆ ಉಳಿದಿದೆ. ನಮ್ಮ ಲೆಕ್ಕದಲ್ಲಿ 250 ಕಿಲೋಮೀಟರ್. ಅಮ್ಮ ಬರಲಿಲ್ಲ. ಘಾಟಿ ಅಂದರೆ ಅವಳಿಗೆ ವಾಂತಿ. ಬದಲಿಗೆ ಚಪಾತಿ, ಪುಳಿಯೋಗರೆ ಗೊಜ್ಜು, ಒಂದು ದೊಡ್ಡ ಪೇಪರ್ ಚೀಲದ ತುಂಬ ಮದ್ದೂರು ವಡೆ ಮಾಡಿ ಕಳಿಸಿದಳು.

ಮೊದಲ ದಿನ: ಶನಿವಾರ, ಸೆಲಿಗ್‌ಮನ್

ಪ್ರೆಸ್ಕಾಟ್ ಮೇಲೆ ಆಶ್ ಫೋರ್ಕ್‌ಗೆ ಹೋಗಿ, ಇಂಟರ್‌ಸ್ಟೇಟ್ 40ರ 139ನೇ ಎಕ್ಸಿಟ್‌ನಲ್ಲಿ ಇಳಿದರೆ ಹಳೇ ರಸ್ತೆ. ಇಳಿದ ತಕ್ಷಣ ಸದ್ದು ಬದಲಾಗುತ್ತದೆ. ಲಾರಿಗಳ ಭರಾಟೆ ಇಲ್ಲ. ಎರಡೇ ಲೇನು, ಎರಡೂ ಕಡೆ ಒಣ ಹುಲ್ಲು, ದಿಬ್ಬ ಹತ್ತಿ ಇಳಿಯುವ ರಸ್ತೆ. ನನ್ನ ಫೋನಿನ ಮ್ಯಾಪ್ ಮಾತ್ರ ಒಪ್ಪಲಿಲ್ಲ. ಪ್ರತಿ ಎರಡು ನಿಮಿಷಕ್ಕೆ "ಯು-ಟರ್ನ್ ಮಾಡಿ" ಅಂತ ಇಂಗ್ಲಿಷಿನಲ್ಲಿ ಗೋಗರೆಯುತ್ತಿತ್ತು.

"ಆ ಹುಡುಗಿ ಯಾಕವ್ವ ಹಂಗ್ ಬಡ್ಕೋತಾವ್ಳೆ?"

"ದೊಡ್ಡ ರಸ್ತೆಗೆ ವಾಪಸ್ ಹೋಗು ಅಂತಾಳಪ್ಪ. ಇಪ್ಪತ್ತು ನಿಮಿಷ ಉಳಿಯುತ್ತಂತೆ."

"ಬಾಯ್ ಮುಚ್ಸು ಅವಳ್ನ."

ಮುಚ್ಚಿಸಿದೆ. ನೀವು ಹೋದರೂ ಹಾಗೇ ಮಾಡಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಸಿಗ್ನಲ್ ಇರುವುದಿಲ್ಲ. ಆದರೆ ದಾರಿ ಕೇಳುವುದು ರಸ್ತೆ ಬದಿಯ 'ಹಿಸ್ಟಾರಿಕ್ ರೂಟ್ 66' ಬೋರ್ಡುಗಳನ್ನೇ.

ಸೆಲಿಗ್‌ಮನ್ ಒಂದೇ ಬೀದಿಯ ಊರು. 1978ರ ಸೆಪ್ಟೆಂಬರ್ 22ಕ್ಕೆ ಇಲ್ಲಿ ಬೈಪಾಸ್ ಶುರುವಾಯಿತು. ಹಿಂದಿನ ದಿನದವರೆಗೂ ರಸ್ತೆ ದಾಟಲು ಕಾಯಬೇಕಿತ್ತಂತೆ. ಮಾರನೇ ದಿನದಿಂದ ಕಾಯುವ ಕೆಲಸವೇ ಇರಲಿಲ್ಲ. ಏಂಜೆಲ್ ಡೆಲ್ಗಡಿಲ್ಲೋ ಅಂತ ಈ ಊರಿನ ಕ್ಷೌರಿಕರು 1987ರಲ್ಲಿ ಜನ ಸೇರಿಸಿ ಸಂಘ ಕಟ್ಟಿದರು. ರಾಜ್ಯ ಸರ್ಕಾರದ ಹಿಂದೆ ಬಿದ್ದು ಈ ರಸ್ತೆಗೆ 'ಹಿಸ್ಟಾರಿಕ್' ಅನ್ನುವ ಪಟ್ಟ ಕೊಡಿಸಿದರು. ಅವರ ಅಂಗಡಿ ಈಗ ನೆನಪಿನ ಸಾಮಾನು ಮಾರುವ ಮಳಿಗೆ. ಹಳೇ ಕ್ಷೌರದ ಕುರ್ಚಿ ಅಲ್ಲೇ ಇದೆ.

ಬೀದಿಯ ಇನ್ನೊಂದು ಅಂಗಡಿಯಲ್ಲಿ ಒಬ್ಬ ಅಜ್ಜಿ ಗಲ್ಲಾದಲ್ಲಿ ಕೂತಿದ್ದರು. ನಾನು ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ನೋಡುತ್ತಿದ್ದೆ. ಅಪ್ಪ ನೇರ ಅವರ ಹತ್ತಿರ ಹೋಗಿ ನಿಂತ. ಅಪ್ಪನ ಇಂಗ್ಲಿಷ್ ಅಂದರೆ ಹತ್ತು ಪದ. "ಮೀ ಆಲ್ಸೋ ಬೈಪಾಸ್" ಅಂದ, ಎದೆ ಮುಟ್ಟಿಕೊಂಡು. ಅಜ್ಜಿಗೆ ಹೃದಯದ ಆಪರೇಷನ್ ಅಂತ ಅನಿಸಿರಬೇಕು, ಮುಖ ಸಣ್ಣ ಮಾಡಿ "ಓ, ಅಯ್ಯೋ ಪಾಪ" ಅನ್ನುವ ಥರ ಏನೋ ಹೇಳಿದರು. ನಾನು ಓಡಿಹೋಗಿ ಬಿಡಿಸಿ ಹೇಳಿದೆ. ಅವರು ಜೋರಾಗಿ ನಕ್ಕರು. ಆಮೇಲೆ ಸುಮ್ಮನಾಗಿ, ಪಕ್ಕದ ಸ್ಟೂಲ್ ಎಳೆದು ಅಪ್ಪನಿಗೆ ಕೊಟ್ಟರು.

ಅರ್ಧ ಗಂಟೆ ಮಾತು. ನಾನು ಮಧ್ಯೆ ದುಭಾಷಿ. ಬೈಪಾಸ್ ಆದ ಮೇಲೆ ಯಾರು ಯಾರು ಊರು ಬಿಟ್ಟರು, ಯಾವ ಪೆಟ್ರೋಲ್ ಬಂಕ್ ಮುಚ್ಚಿತು, ಎಲ್ಲ ಹೇಳಿದರು. ಅಪ್ಪ ಒಂದೇ ಪ್ರಶ್ನೆ ಕೇಳಿದ. "ಗಿರಾಕಿ ವಾಪಸ್ ಬರಕ್ಕೆ ಎಷ್ಟು ವರ್ಷ ಆಯ್ತಂತೆ ಕೇಳವ್ವ." ಸಂಘ ಕಟ್ಟುವುದಕ್ಕೇ 9 ವರ್ಷ, ಅಂದರು. ಅಪ್ಪ ಬೆರಳು ಮಡಿಸಿದ. "ನಮ್ದು ಎರಡಾಯ್ತು. ಇನ್ನೂ ಏಳು."

ಹೊರಡುವಾಗ ಅಪ್ಪ ಜೇಬಿನಿಂದ ಒಂದು ಬುಗುರಿ ತೆಗೆದ. ಚನ್ನಪಟ್ಟಣದ್ದು, ಅರಗಿನ ಬಣ್ಣ ಹಚ್ಚಿದ್ದು, ಕೆಂಪು-ಹಳದಿ ಪಟ್ಟೆ. ನನ್ನ ಮಗನಿಗೆ ಅಂತ ತಂದಿದ್ದ ಡಜನ್‌ನಲ್ಲಿ ಒಂದು ಯಾವಾಗಲೂ ಜೇಬಿನಲ್ಲಿರುತ್ತದೆ. ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಗಲ್ಲಾದ ಗಾಜಿನ ಮೇಲೆ ಚಕ್ ಅಂತ ತಿರುಗಿಸಿದ. ಪಟ್ಟೆಗಳು ಕರಗಿ ಕಿತ್ತಳೆ ಬಣ್ಣ ಆಯಿತು. ಗಾಜಿನ ಮೇಲೆ ಸಣ್ಣಗೆ ಗುಂಯ್ ಅನ್ನುತ್ತಾ, ಒಂದು ಕಡೆ ವಾಲಿ, ಮತ್ತೆ ಎದ್ದು, ಕೊನೆಗೆ ಕ್ರೆಡಿಟ್ ಕಾರ್ಡ್ ಮಿಷಿನ್ನಿಗೆ ತಗುಲಿ ಬಿತ್ತು. ಅಜ್ಜಿ ತಾವೂ ಮೂರು ಸಲ ಪ್ರಯತ್ನಪಟ್ಟರು. ಮೂರನೇ ಸಲ ತಿರುಗಿತು. ಅಪ್ಪ ದುಡ್ಡು ತಗೊಳ್ಳಲಿಲ್ಲ. ಅಜ್ಜಿ ನನ್ನ ಮ್ಯಾಗ್ನೆಟ್ಟಿಗೂ ತಗೊಳ್ಳಲಿಲ್ಲ.

ಊಟಕ್ಕೆ ಸ್ನೋ ಕ್ಯಾಪ್ ಅನ್ನುವ ಹೋಟೆಲ್. ಏಂಜೆಲ್ ಅವರ ಅಣ್ಣ ಹ್ವಾನ್ 1953ರಲ್ಲಿ ರೈಲ್ವೆಯ ಹಳೇ ಮರದ ತುಂಡುಗಳಿಂದ ಕಟ್ಟಿದ್ದು. ಅವರು 2004ರಲ್ಲಿ ತೀರಿಕೊಂಡರು, ಅವರ ತಮಾಷೆಗಳು ಮಾತ್ರ ಉಳಿದಿವೆ. ಬಾಗಿಲಿಗೆ ಎರಡು ಹಿಡಿ, ಒಂದು ಸುಳ್ಳು. ಅಪ್ಪ ಸುಳ್ಳು ಹಿಡಿಯನ್ನೇ ಜಗ್ಗಿ ಜಗ್ಗಿ, "ಮುಚ್ಚವ್ರೆ ನಡಿ" ಅಂತ ಹೊರಟೇಬಿಟ್ಟಿದ್ದ. ಒಳಗೆ ಸಾಸಿವೆ ಸಾಸ್ ಬೇಕಾ ಅಂತ ಕೇಳಿ ಬಾಟಲಿ ಹಿಂಡಿದರು. ನನ್ನ ಅಂಗಿ ಮೇಲೆ ಹಳದಿ ದಾರ ಹಾರಿ ಬಂತು. ಅಪ್ಪನಿಗೆ ಇದು ಗ್ರ್ಯಾಂಡ್ ಕ್ಯಾನ್ಯನ್‌ಗಿಂತ ಹತ್ತು ಪಟ್ಟು ಇಷ್ಟವಾಯಿತು. ಶನಿವಾರ ಆದ್ದರಿಂದ ಬರ್ಗರ್ ಬೇಡ ಅಂದ. ಹನುಮಂತರಾಯನ ದಿನ ಅಲ್ವಾ? ಬೀನ್ಸ್ ಬರಿಟೊ, ಆಲೂಗೆಡ್ಡೆ ಫ್ರೈಸ್, ಒಂದು ದಪ್ಪ ಮಾಲ್ಟ್ ಮಿಲ್ಕ್‌ಶೇಕ್. ಮಾಲ್ಟ್ ಒಂದೇ ಇಬ್ಬರಿಗೆ ಸಾಕು.

ರಾತ್ರಿ ಉಳಿದ ಮೋಟೆಲ್‌ನಲ್ಲಿ ಹೀಟರ್ ಕೆಟ್ಟಿತ್ತು. ಫೀನಿಕ್ಸ್ ಸೆಖೆಯಲ್ಲಿ ಹೊರಟವರಿಗೆ ಸೆಲಿಗ್‌ಮನ್ ಐದು ಸಾವಿರ ಅಡಿ ಮೇಲಿದೆ ಅನ್ನುವುದು ನೆನಪಿರುವುದಿಲ್ಲ. ಸ್ವೆಟರ್ ಹಾಕ್ಕೊಂಡೇ ಮಲಗಿದೆವು. ರಾತ್ರಿಯೆಲ್ಲಾ ಗೂಡ್ಸ್ ರೈಲು. ಅಪ್ಪನಿಗೆ ಅದು ಜೋಗುಳ. ನನಗೆ ನಿದ್ದೆ ಇಲ್ಲ.

ಎರಡನೇ ದಿನ: ಪೀಚ್ ಸ್ಪ್ರಿಂಗ್ಸ್, ಹ್ಯಾಕ್‌ಬೆರಿ, ಕಿಂಗ್‌ಮನ್

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಕೆರೆಯಲು ಏನೂ ಇರಲಿಲ್ಲ, ಲೈಬ್ರರಿ ಕಾರ್ಡಿನಲ್ಲಿ ಕೆರೆದೆ. ಸೆಲಿಗ್‌ಮನ್ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕೆಂಪು ಬೋರ್ಡುಗಳು ಬಂದವು. ಒಂದೊಂದರಲ್ಲಿ ಒಂದೊಂದು ಸಾಲು, ಐದಾರು ಬೋರ್ಡ್ ದಾಟಿದರೆ ಒಂದು ಚುಟುಕ ಪೂರ್ತಿ. ಹಿಂದಿನ ಕಾಲದಲ್ಲಿ ಬರ್ಮಾ-ಶೇವ್ ಅನ್ನುವ ಕ್ಷೌರದ ಕ್ರೀಮಿನವರು ಅಮೆರಿಕದ ತುಂಬ ಹೀಗೆ ಜಾಹೀರಾತು ಹಾಕಿದ್ದರಂತೆ. ಅದರ ನೆನಪಿಗೆ ಇವು. ಓವರ್‌ಟೇಕ್ ಮಾಡಬೇಡ, ನಿಧಾನ ಹೋಗು, ಇಂಥವೇ. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. "ನಮ್ ಲಾರಿ ಹಿಂದೆ ಬರೀತಾರಲ್ಲ, ಹಂಗೆ" ಅಂದ ಅಪ್ಪ.

ಪೀಚ್ ಸ್ಪ್ರಿಂಗ್ಸ್ ಹುವಾಲಪೈ ಬುಡಕಟ್ಟಿನವರ ಆಡಳಿತದ ಊರು. ಅಂಗಡಿ ಮುಂದೆ ಪಿಕಪ್ ಹಿಂಭಾಗದಲ್ಲಿ ಕೂತಿದ್ದ ಒಬ್ಬರು ಮಾತಿಗೆ ಸಿಕ್ಕಿದರು. ಎತ್ತರದ ಪೈನ್ ಮರಗಳ ಜನ ಅಂತ ತಮ್ಮ ಹೆಸರಿನ ಅರ್ಥ ಹೇಳಿದರು. ಸುತ್ತ ನೋಡಿದರೆ ಮೊಣಕಾಲೆತ್ತರದ ಪೊದೆ. ಮರ ಎಲ್ಲಿ ಅಂತ ನಾನು ಕೇಳಲಿಲ್ಲ. ಅವರೇ ನಕ್ಕು, ಆ ಬೆಟ್ಟದ ಮೇಲೆ ಅಂತ ಕೈ ತೋರಿಸಿದರು. ಇಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿರುವ ನದಿಯವರೆಗೆ ಕಾರಿನಲ್ಲೇ ಇಳಿಯುವ ಮಣ್ಣಿನ ರಸ್ತೆ ಇದೆ. ಬುಡಕಟ್ಟಿನವರ ಪರ್ಮಿಟ್ ತಗೊಂಡೇ ಹೋಗಬೇಕು. ನಮ್ಮ ಕಾರು ತಗ್ಗು. ಅವರು ಚಕ್ರ ನೋಡಿ ತಲೆಯಾಡಿಸಿದರು, ಅಲ್ಲಿಗೆ ಬಿಟ್ಟೆವು.

ಹ್ಯಾಕ್‌ಬೆರಿಯಲ್ಲಿ ಎಲ್ಲರೂ ನಿಲ್ಲುವ ಜನರಲ್ ಸ್ಟೋರ್. ಮುಂದೆ ಕೆಂಪು ಕಾರ್ವೆಟ್ ಕಾರು, ಹಳೇ ಪೆಟ್ರೋಲ್ ಪಂಪುಗಳು, ತುಕ್ಕು ಹಿಡಿದ ಬೋರ್ಡುಗಳು. ಫೋಟೋಗೆ ಚೆಂದ. ನನಗೆ ಸ್ವಲ್ಪ ಜಾಸ್ತಿ ಅನಿಸಿತು. ತುಕ್ಕನ್ನೂ ಜೋಡಿಸಿಟ್ಟ ಹಾಗೆ. ಅಪ್ಪ ಹಂಗೇನೂ ಅಂದುಕೊಳ್ಳಲಿಲ್ಲ. ಪ್ರತಿ ಪಂಪಿನ ಹಿಂದೆ ಹೋಗಿ ಬಗ್ಗಿ ನೋಡಿದ.

ಅಪ್ಪ ನಿಜವಾಗಿ ನಿಂತುಹೋದದ್ದು ಕಿಂಗ್‌ಮನ್‌ನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ಗೋಡೆ ಮೇಲೆ ಮಾಸಿದ ಕ್ಯಾನ್ವಾಸ್ ಚೀಲ, ಬಾಯಿಗೆ ಬಿರಡೆ, ಮೇಲೆ ಹಗ್ಗ. ಮರುಭೂಮಿ ದಾಟುವವರು ಇದಕ್ಕೆ ನೀರು ತುಂಬಿ ಕಾರಿನ ಮುಂದೆ ನೇತುಹಾಕುತ್ತಿದ್ದರು. ಬಟ್ಟೆಯಿಂದ ನೀರು ಜಿನುಗಿ, ಗಾಳಿಗೆ ಆರುತ್ತಾ ಒಳಗಿನ ನೀರು ತಣ್ಣಗಾಗುತ್ತದೆ. ರೇಡಿಯೇಟರ್ ಕುದ್ದರೆ ಅದಕ್ಕೂ ಅದೇ ನೀರು. "ನಮ್ ಲಾರೀಲೂ ಇತ್ತು ಕಣವ್ವ ಇದು. ಶಿರಾಡಿ ಹತ್ತುವಾಗ ನಾನೇ ತುಂಬುಸ್ತಿದ್ದೆ" ಅಂತ ಹತ್ತಿರ ಹೋಗಿ ಮೂಸಿದ. ಬೆಲೆ ಚೀಟಿ ನೋಡಿ ನನ್ನನ್ನೂ ನೋಡಿದ. "ಇಷ್ಟು ದುಡ್ಡು ಗೊತ್ತಿದ್ರೆ ಎರಡು ಇಟ್ಕೊಂಡಿರ್ತಿದ್ದೆ."

ಮೂರನೇ ದಿನ: ಘಾಟಿ ಮತ್ತು ಕತ್ತೆಗಳು

ಕಿಂಗ್‌ಮನ್‌ನಲ್ಲೇ ಟ್ಯಾಂಕ್ ತುಂಬಿಸಿದೆ. ನದಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಪೆಟ್ರೋಲ್ ಬೆಲೆ ಕೇಳಿ ಎದೆ ಒಡೆಯುತ್ತದೆ. ಹೊರಡುವ ಮುಂಚೆ ಅಪ್ಪ ಡ್ಯಾಶ್‌ಬೋರ್ಡ್ ಮೇಲೆ ಒಂದು ನಿಂಬೆಹಣ್ಣು ಇಟ್ಟ. ಘಾಟಿ ಇದೆ ಅಂತ ನಾನು ಬಾಯಿಬಿಟ್ಟಿದ್ದೇ ತಪ್ಪು.

ಕೂಲ್ ಸ್ಪ್ರಿಂಗ್ಸ್ ಅನ್ನುವ ಕಲ್ಲಿನ ಹಳೇ ಪೆಟ್ರೋಲ್ ಬಂಕ್ ದಾಟಿದ ಮೇಲೆ ರಸ್ತೆ ಬೆಟ್ಟ ಹತ್ತುತ್ತದೆ. ಸಿಟ್‌ಗ್ರೀವ್ಸ್ ಪಾಸ್, 3,550 ಅಡಿ. ಎತ್ತರ ದೊಡ್ಡದಲ್ಲ. ತಿರುವುಗಳು ದೊಡ್ಡವು. ರಸ್ತೆ ಕಿರಿದು, ಬಹಳ ಕಡೆ ತಡೆಗೋಡೆ ಇಲ್ಲ, ಕೆಳಗೆ ನೋಡಿದರೆ ಯಾವ ಕಾಲದಲ್ಲೋ ಉರುಳಿದ ಕಾರಿನ ತಗಡು. 40 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶ ಇಲ್ಲ. 1930ರ ದಶಕದಲ್ಲಿ ಬರಗಾಲಕ್ಕೆ ಊರು ಬಿಟ್ಟ ಒಕ್ಲಹೋಮಾ ಕಡೆಯ ರೈತರು ಹಾಸಿಗೆ, ಪಾತ್ರೆ, ಮಕ್ಕಳನ್ನು ಹೇರಿಕೊಂಡು ಇದೇ ಘಾಟಿ ಹತ್ತಿದ್ದು.

ಮೇಲೆ ನಿಲ್ಲಿಸಿದಾಗ ಒಬ್ಬ ವಯಸ್ಸಾದ ಬೈಕಿನವರು ಸಿಕ್ಕಿದರು. ಹಳೇ ಫೋರ್ಡ್ ಕಾರುಗಳು ಈ ಏರನ್ನು ಹಿಂದುಹಿಂದಾಗಿ ಹತ್ತುತ್ತಿದ್ದವು ಅಂದರು. ಅವಕ್ಕೆ ಪೆಟ್ರೋಲ್ ಪಂಪ್ ಇರಲಿಲ್ಲ, ಟ್ಯಾಂಕಿನಿಂದ ತಾನಾಗಿ ಎಂಜಿನ್ನಿಗೆ ಇಳಿಯಬೇಕು. ಮೂತಿ ಮೇಲೆ ಮಾಡಿದರೆ ಪೆಟ್ರೋಲ್ ಬರುವುದಿಲ್ಲ. ಮೇಲಾಗಿ ರಿವರ್ಸ್ ಗೇರಿಗೇ ಜಾಸ್ತಿ ಎಳೆತ. ನಾನು ಅರ್ಧ ಅನುವಾದ ಮಾಡುವಷ್ಟರಲ್ಲಿ ಅಪ್ಪನಿಗೆ ಪೂರ್ತಿ ಅರ್ಥವಾಗಿತ್ತು. ಇಬ್ಬರೂ ಅಂಗೈಯನ್ನೇ ಕಾರು ಮಾಡಿಕೊಂಡು ಹತ್ತಿಸಿ ಇಳಿಸುತ್ತಾ ನಿಂತರು. ಇಳಿಯುವಾಗ ಅಪ್ಪ, "ಬ್ರೇಕ್ ಮೇಲೆ ಕಾಲ್ ಇಡ್ಬ್ಯಾಡ, ಗೇರಲ್ಲಿ ಹಿಡಿ, ಗೇರಲ್ಲಿ ಹಿಡಿ" ಅಂತ ಒಂದೇ ಸಮ. ಆಟೋಮ್ಯಾಟಿಕ್ ಕಾರಪ್ಪ ಅಂದರೂ ಕೇಳಲಿಲ್ಲ. ಆಮೇಲೆ ನೋಡಿದರೆ ಅದರಲ್ಲೂ 'ಎಲ್' ಅಂತ ಒಂದು ಗೇರ್ ಇತ್ತು. ಹಾಕಿದೆ. ಕಾರು ತಣ್ಣಗೆ ಇಳಿಯಿತು. ಅಪ್ಪ ಏನೂ ಹೇಳಲಿಲ್ಲ, ಕಿಟಕಿ ಆಚೆ ನೋಡಿ ನಕ್ಕ.

ಘಾಟಿ ಇಳಿದರೆ ಓಟ್‌ಮನ್. 1915ರ ಸುಮಾರಿಗೆ ಇಲ್ಲಿ ಭಾರೀ ಚಿನ್ನ ಸಿಕ್ಕಿತು, ಊರು ಉಬ್ಬಿತು. 1942ರಲ್ಲಿ ಯುದ್ಧಕ್ಕೆ ಬೇರೆ ಲೋಹ ಬೇಕು ಅಂತ ಸರ್ಕಾರ ಚಿನ್ನದ ಗಣಿ ಮುಚ್ಚಿಸಿತು. ಹತ್ತು ವರ್ಷಕ್ಕೆ ಹೆದ್ದಾರಿಯೂ ಬೆಟ್ಟ ಬಿಟ್ಟು ಬಯಲಿಗೆ ಹೋಯಿತು. ಗಣಿಯವರು ಹೋಗುವಾಗ ಕತ್ತೆಗಳನ್ನು ಬಿಟ್ಟು ಹೋದರು. ಅವುಗಳ ಮರಿ-ಮೊಮ್ಮಕ್ಕಳೇ ಈಗ ಊರಿನ ಯಜಮಾನರು. ಬೆಳಿಗ್ಗೆ ಬೆಟ್ಟದಿಂದ ಇಳಿದು ಬಂದು ರಸ್ತೆ ಮಧ್ಯೆ ನಿಲ್ಲುತ್ತವೆ, ಹಾರ್ನ್ ಹೊಡೆದರೆ ಕಿವಿ ಮಾತ್ರ ತಿರುಗಿಸುತ್ತವೆ. ಅವಕ್ಕೆ ಅಂತಲೇ ಮೇವಿನ ಉಂಡೆ ಅಂಗಡಿಗಳಲ್ಲಿ ಮಾರುತ್ತಾರೆ, ಬೇರೆ ಏನೂ ಕೊಡಬಾರದು. ಮಧ್ಯಾಹ್ನ ಬಂದೂಕಿನ ನಾಟಕ ಶುರುವಾದರೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಹತ್ತು ಗಂಟೆಗೆ ಮುಂಚೆ ಹೋಗುವುದು ವಾಸಿ.

ನಾವು ನಿಯಮ ಮುರಿಯಲಿಲ್ಲ. ಕತ್ತೆ ಮುರಿಯಿತು. ನಾನು ಮೇವು ತರಲು ಅಂಗಡಿಗೆ ಹೋಗಿದ್ದೆ. ಅಪ್ಪ ಕಿಟಕಿ ಗಾಜು ಇಳಿಸಿಕೊಂಡು, ತೊಡೆ ಮೇಲೆ ವಡೆ ಚೀಲ ಇಟ್ಟುಕೊಂಡು ಕೂತಿದ್ದ. ಬೂದು ಬಣ್ಣದ್ದೊಂದು ತಲೆ ಒಳಗೆ ತೂರಿಸಿ ಪೇಪರ್ ಚೀಲವನ್ನೇ ಕಚ್ಚಿ ಎಳೆಯಿತು. ಅಪ್ಪ ಆ ಕಡೆಯಿಂದ, ಕತ್ತೆ ಈ ಕಡೆಯಿಂದ. ಚೀಲ ಹರಿಯಿತು. ನಾನು ಓಡಿ ಬರುವಷ್ಟರಲ್ಲಿ ಎರಡು ವಡೆ ಅದರ ಬಾಯಲ್ಲಿ ಕರುಂ ಕುರುಂ. ಮಿಕ್ಕದ್ದು ಡಾಂಬರಿನ ಮೇಲೆ. ಅಂಗಡಿಯಾಕೆ ಪೊರಕೆ ಹಿಡಿದು ಬಂದು ಮೊದಲು ಕತ್ತೆಯನ್ನು ಓಡಿಸಿದರು, ಆಮೇಲೆ ನಮ್ಮನ್ನು ಬೈದರು. ಬೈದದ್ದು ಸರಿಯೇ. ಗಾಜು ಏರಿಸಿಕೊಂಡು ಕೂರಬೇಕಿತ್ತು.

ಅಪ್ಪ ವಡೆ ಚೂರುಗಳನ್ನು ಆಯುತ್ತಾ, "ಈರುಳ್ಳಿ ಹಾಕಿದ್ಲು ನಿಮ್ಮವ್ವ, ಕತ್ತೆಗೆ ಏನೂ ಆಗಲ್ಲ ತಾನೆ?" ಅಂತ ಮೂರು ಸಲ ಕೇಳಿದ. ಹೊರಡುವವರೆಗೂ ಆ ಕತ್ತೆ ಮೇಲೆ ಕಣ್ಣಿಟ್ಟಿದ್ದ. ಅದು ಇನ್ನೊಂದು ಕಾರಿನ ಕಿಟಕಿ ನೋಡಿಕೊಂಡು ಆರಾಮಾಗಿತ್ತು.

ಓಟ್‌ಮನ್ ಹೋಟೆಲ್‌ನ ಗೋಡೆ, ಸೂರು ಎಲ್ಲಾ ಡಾಲರ್ ನೋಟು. ಬಂದವರು ಹೆಸರು ಬರೆದು ಅಂಟಿಸುತ್ತಾರೆ. ನಾನೂ ಒಂದು ತೆಗೆದೆ. ಅಪ್ಪ ಕೈ ಹಿಡಿದ. "ಲಕ್ಷ್ಮಿಗೆ ಪಿನ್ ಚುಚ್ತೀಯಾ?" ನೋಟು ಪರ್ಸಿಗೆ ವಾಪಸ್ ಹೋಯಿತು.

ಟೊಪಾಕ್‌ನಲ್ಲಿ ಕೊಲರಾಡೋ ನದಿ. 1916ರ ಬಿಳಿ ಕಮಾನು ಸೇತುವೆ ಈಗ ಗ್ಯಾಸ್ ಪೈಪನ್ನು ಹೊತ್ತು ನಿಂತಿದೆ. ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ತಪಾಸಣೆ ಚೌಕಿ. ಹಣ್ಣು-ಗಿಡ ಏನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂತ ನಾನು ಹೇಳುತ್ತಿರುವಾಗಲೇ ಅಧಿಕಾರಿಯ ಕಣ್ಣು ಡ್ಯಾಶ್‌ಬೋರ್ಡಿನ ನಿಂಬೆಹಣ್ಣಿನ ಮೇಲೆ. ದೃಷ್ಟಿಗೆ ಇಟ್ಟದ್ದು ಅಂತ ಹೇಗೆ ವಿವರಿಸುವುದು? ಕೊಟ್ಟುಬಿಟ್ಟೆವು. "ಘಾಟಿ ಮುಗೀತಲ್ಲ, ಹೋಗ್ಲಿ" ಅಂದ ಅಪ್ಪ. ಆ ರಾತ್ರಿ ನೀಡಲ್ಸ್ ಅನ್ನುವ ಊರಿನಲ್ಲಿ. ಮಾರ್ಚ್‌ನಲ್ಲೇ ಅಲ್ಲಿ ಫ್ಯಾನ್ ಬೇಕಾಯಿತು.

ನಾಲ್ಕನೇ ದಿನ: ಆಂಬಾಯ್

ಮೊಹಾವೆ ಮರುಭೂಮಿಯ ಈ ಕಡೆ ರೈಲ್ವೆಯವರು ಸ್ಟೇಷನ್ನುಗಳಿಗೆ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಹೆಸರಿಟ್ಟರು. ಎ ಅಂದರೆ ಆಂಬಾಯ್, ಬಿ ಬ್ರಿಸ್ಟಲ್, ಸಿ ಕೇಡಿಜ್, ಡಿ ಡ್ಯಾನ್‌ಬಿ. ಹೀಗೇ ಎಸೆಕ್ಸ್, ಫೆನ್ನರ್, ಗಾಫ್ಸ್. ನಾವು ನೀಡಲ್ಸ್ ಕಡೆಯಿಂದ ಹೋಗಿದ್ದರಿಂದ ಮಗ್ಗಿ ಹಿಂದಿನಿಂದ ಹೇಳಿದ ಹಾಗೆ ಗಾಫ್ಸ್ ಮೊದಲು ಬಂತು. 1914ರ ಒಂಟಿ ಶಾಲೆ ಕಟ್ಟಡ ಅಲ್ಲಿದೆ, ಈಗ ಮ್ಯೂಸಿಯಂ. ನಾವು ಹೋದಾಗ ಬೀಗ. ಎಸೆಕ್ಸ್ ಆಚೆ 'ರಸ್ತೆ ಮುಚ್ಚಿದೆ' ಬೋರ್ಡು. ಈ ರಸ್ತೆಯ ತುಂಬ ಹಳೇ ಮರದ ಸಣ್ಣ ಸಣ್ಣ ಸೇತುವೆಗಳು, ಒಂದು ಜೋರು ಮಳೆ ಬಂದರೆ ಸಾಕು. ಹೊರಡುವ ಮುಂಚೆ ಕೌಂಟಿಯವರ, ಅಂದರೆ ಜಿಲ್ಲಾಡಳಿತದವರ, ರಸ್ತೆ ಮಾಹಿತಿ ನೋಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ವಾಪಸ್ ಇಂಟರ್‌ಸ್ಟೇಟ್ ಹತ್ತಿ, ಕೆಲ್‌ಬೇಕರ್ ರಸ್ತೆಯಲ್ಲಿ ಇಳಿದು ಬಂದೆವು. ನಷ್ಟ ಆಗಲಿಲ್ಲ. ಆ ಇಳಿಜಾರಿನ ಎರಡೂ ಕಡೆ ಹಳದಿ ಕಾಡುಹೂವು.

ಆಂಬಾಯ್ ಅಂದರೆ ರಾಯ್ಸ್ ಅನ್ನುವ ಹಳೇ ಮೋಟೆಲ್, ರಾಯ್ಸ್ ಅಂದರೆ ಅದರ ಬೋರ್ಡು. 1959ರದ್ದು, ಬಾಣದ ಆಕಾರ, ಐದಾಳು ಎತ್ತರಕ್ಕೂ ಮೇಲೆ. 1973ರಲ್ಲಿ ಇಂಟರ್‌ಸ್ಟೇಟ್ ತೆರೆದ ಮೇಲೆ ಊರು ಖಾಲಿ. ಮೋಟೆಲ್ ಕೋಣೆಗಳು ಇವೆ, ಉಳಿಯಲು ಕೊಡುವುದಿಲ್ಲ. ತಣ್ಣನೆ ಸೋಡಾ ಸಿಗುತ್ತದೆ. ಕುಡಿದು ಹೊರಗೆ ಬಂದರೆ ದೂರದಲ್ಲಿ ಕಪ್ಪು ಜ್ವಾಲಾಮುಖಿ ದಿಬ್ಬ, ಹಿಂದೆ ಮುಗಿಯದ ಗೂಡ್ಸ್ ರೈಲು. ಅಪ್ಪ ಡಬ್ಬಿ ಎಣಿಸಲು ಶುರು ಮಾಡಿ ನೂರರ ಆಚೆ ಬಿಟ್ಟುಬಿಟ್ಟ.

ರಸ್ತೆ ಪಕ್ಕ ಉದ್ದಕ್ಕೂ ಮಣ್ಣಿನ ಏರಿ ಇದೆ, ಮಳೆ ನೀರು ರಸ್ತೆಗೆ ನುಗ್ಗದಿರಲಿ ಅಂತ. ಹೋಗುವವರು ಅದರ ಇಳಿಜಾರಿನ ಮೇಲೆ ಕಲ್ಲಿನಲ್ಲಿ ಹೆಸರು ಬರೆದಿದ್ದಾರೆ. ಮೈಲಿಗಟ್ಟಲೆ ಹೆಸರು. ಅಪ್ಪ ಕಾರು ನಿಲ್ಲಿಸು ಅಂದ. ಹೆಸರು ಬರೀತಾನೆ ಅಂದುಕೊಂಡೆ. ಪಂಚೆ ಇದ್ದಿದ್ದರೆ ಎತ್ತಿ ಕಟ್ಟುತ್ತಿದ್ದ, ಪ್ಯಾಂಟ್ ಮಡಿಸಿದ. ಕಲ್ಲು ಆಯ್ದ. ಇಂಗ್ಲಿಷ್ ಅಕ್ಷರ ಆದರೆ ಗೆರೆ ಎಳೆದರೆ ಆಯಿತು, ನಮ್ಮ ಅಕ್ಷರ ಪೂರ್ತಿ ಸುತ್ತು ಅಲ್ವಾ? 'ಚ' ಮೂರು ಸಲ ಕಿತ್ತು ಹಾಕಿದ. ಒತ್ತಕ್ಷರಕ್ಕೆ ಬೇರೆ ಸಣ್ಣ ಕಲ್ಲು ಬೇಕು ಅಂತ ನನ್ನನ್ನು ಓಡಿಸಿದ. ಮುಕ್ಕಾಲು ಗಂಟೆ ಆಯಿತು. 'ಚನ್ನಪಟ್ಟಣ' ಅಂತ ಆಯಿತು. 'ಟ್ಟ' ಸ್ವಲ್ಪ ಜಾರಿತ್ತು.

ಆಮೇಲೆ ರಾಯ್ಸ್ ಬೋರ್ಡು ನೋಡಿ, ತನ್ನದಕ್ಕೂ ಒಂದು ಬಾಣ ಬೇಕು ಅಂದ.

"ಯಾವ ಕಡೆಗಪ್ಪ?"

ಆ ಕಡೆ ನೋಡಿದ, ಈ ಕಡೆ ನೋಡಿದ. "ಎತ್ಲಾಗ್ ಹಾಕುದ್ರೂ ಊರು ಅಷ್ಟೇ ದೂರ. ರಸ್ತೆ ಹೋಗೋ ಕಡೀಕೆ ಹಾಕು."

ಟ್ವೆಂಟಿನೈನ್ ಪಾಮ್ಸ್ ಮೇಲೆ ಮನೆ ಸೇರುವಾಗ ರಾತ್ರಿ ಹನ್ನೊಂದು. ಅಮ್ಮ ಎದ್ದೇ ಇದ್ದಳು. ಚಪಾತಿ ಡಬ್ಬ ತೆಗೆದು ನೋಡಿ, "ವಡೆ ಎಲ್ಲಾ ಖಾಲಿ ಮಾಡಿದ್ರಾ? ಹೆಂಗಿತ್ತು?" ಅಂದಳು.

ಅಪ್ಪ ಬೂಟಿನ ಮರಳು ಕೊಡವುತ್ತಿದ್ದ. "ಒಬ್ರಂತೂ ಚೀಲಾನೂ ಬಿಡ್ಲಿಲ್ಲ ಕಣೆ" ಅಂದ.